ನಸುಕಿನ ಬಾಟಲಿ

“ಅದನ್ನ ಮುಟ್ಟಬ್ಯಾಡ್ರಿ ಮೇಡಮ್ಮರ! ಪೊಲೀಸ್ ಕೇಸಿನ ಬಾಟ್ಲಿ ಐತಿ ಅದು!”

ಶರಣಕುಮಾರ ಇಷ್ಟು ಕೂಗುವಷ್ಟರಲ್ಲಿ ವಿಜಯಶ್ರೀ ಬಾಟಲಿಯನ್ನು ಕಪಾಟಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಾಗಿತ್ತು. ಮುಟ್ಟಬೇಡ ಎಂದದ್ದನ್ನು ಮೊದಲು ಮುಟ್ಟುವುದು ಅವಳ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅವಳ ಅತ್ತೆ ಸುಂದರಾಬಾಯಿ ದಿನಕ್ಕೆರಡು ಸಲವಾದರೂ ಹೇಳುತ್ತಾರೆ.

ಗೋಡೆಯ ಗಡಿಯಾರದಲ್ಲಿ ಒಂದೂ ನಲವತ್ತು. ನಿನ್ನೆ ಮುಂಜಾನೆ ತಾಮರಕುಂಟ ಕೆರೆಯ ಮೀನು ರಾಶಿ ರಾಶಿ ಸತ್ತು ತೇಲಿದ್ದವು. ಕೆರೆಯ ಕಾವಲುಗಾರ ಬೂದೆಪ್ಪನೇ ವಿಷ ಹಾಕಿದನೆಂದು ಸಂಜೆ ಪೊಲೀಸರು ಅವನನ್ನು ಒಳಗೆ ಹಾಕಿದ್ದರು. ಇಂದು ನಾಲ್ಕಕ್ಕೆ ಕೋರ್ಟಿಗೆ ಒಯ್ಯುತ್ತಾರೆ. ಅಲ್ಲಿಂದ ಮುಂದೆ ಜೈಲು. ವಿಷದ ಪರೀಕ್ಷೆಯ ಸರ್ಕಾರಿ ವರದಿ ಬರಲು ಇನ್ನೂ ಇಪ್ಪತ್ತು ದಿನ ಬೇಕು. ಬಡವನ ಇಪ್ಪತ್ತು ದಿನ ಜೈಲಿನಲ್ಲಿ ಎಷ್ಟು ತಿಂಗಳಾಗುತ್ತದೆಂದು ಯಾರು ಬಲ್ಲರು!

ಬೂದೆಪ್ಪನ ಹೆಂಡತಿ ಸುಗಲಮ್ಮ ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಸುಂದರಾಬಾಯಿಯ ಪಕ್ಕ ಕುಳಿತಿದ್ದಳು. ಯಾದಗಿರಿ ಕಡೆಯ ಹೆಣ್ಣುಮಗಳು. ಬೆಳಿಗ್ಗೆ ಏಳಕ್ಕೇ ಬಂದು ವಿಜಯಶ್ರೀಯ ಮನೆಯ ಬಾಗಿಲು ಬಡಿದವಳು, ಆಗಿನಿಂದ ಒಂದು ಲೋಟ ನೀರನ್ನೂ ಮುಟ್ಟಿರಲಿಲ್ಲ.

ವಿಜಯಶ್ರೀ ಬಾಟಲಿಯನ್ನು ಓರೆ ಮಾಡಿದಳು. ಗಾಜಿನ ಬಿರಡೆ ಬಿಗಿಯಾಗಿತ್ತು. ತಳದಲ್ಲಿ ಎರಡು ಬೆರಳು ದಪ್ಪ ಗಸಿ ಕೂತಿತ್ತು, ಕಾಫಿಪುಡಿಯ ಬಣ್ಣದ ಗಾಢ ಕಂದು ಗಸಿ. ಚೀಟಿಯ ಮೇಲೆ ತಾಮರಕುಂಟ, ನಿನ್ನೆಯ ತಾರೀಖು, ಬೆಳಿಗ್ಗೆ ಐದೂವರೆ ಎಂದು ಬರೆದಿತ್ತು.

“ಶರಣು,” ಎಂದಳು. “ಇದು ಐದೂವರೆಯ ನೀರಾ?”

“ಚೀಟಿ ಮ್ಯಾಲ ಬರದೈತಲ್ರಿ.”

“ಚೀಟಿ ಓದಾಕ ನನಗೂ ಬರ್ತೈತಿ. ನಾ ನಿನ್ನ ಕೇಳಾಕತ್ತೀನಿ.”

ಶರಣಕುಮಾರ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಆರು ವರ್ಷದ ಹಿಂದೆ ಹೈದರಾಬಾದಿನ ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ಮೂರನೇ ಬೆಂಚಿನಲ್ಲಿ ಕುಳಿತು, ಉತ್ತರ ಗೊತ್ತಿದ್ದೂ ಹೇಳಲು ಹೆದರಿದಾಗ ಹೀಗೇ ಕನ್ನಡಕ ಒರೆಸುತ್ತಿದ್ದ. ಆಗ ವಿಜಯಶ್ರೀ ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಅವನಿಗೆ ಡಾಕ್ಟರ್ ಸೀಟು ಸಿಗಲಿಲ್ಲ, ಕುಷಾಯಿಗೂಡದ ಈ ಖಾಸಗಿ ನೀರಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅವಳಿಗೆ ಒಂದೇ ಪಾಠವನ್ನು ಒಂದೇ ಬಾಯಲ್ಲಿ ಹದಿನಾಲ್ಕು ಬ್ಯಾಚಿಗೆ ಹೇಳಿ ಸಾಕಾಯಿತು. ಕೆಲಸ ಬಿಟ್ಟು ಊರ ಉಸಾಬರಿಗೆ ಇಳಿದಳು. ಜನ ಅದನ್ನು ಪತ್ತೇದಾರಿ ಎಂದು ಕರೆದರೆ ಅವಳೇನೂ ಬೇಡ ಅನ್ನುವುದಿಲ್ಲ.

“ನಿನ್ನ ವರದಿ ಏನಂತೈತಿ, ಹೇಳು.”

“ಆಕ್ಸಿಜನ್ ಲೀಟರಿಗೆ ಹದಿಮೂರು ಮಿಲಿಗ್ರಾಂ. ಅಂದ್ರ ಮೀನಿಗೆ ಉಸಿರಿಗೆ ಏನೂ ಕಮ್ಮಿ ಇರ್ಲಿಲ್ರಿ.”

“ಅದಕ್ಕ ಪೊಲೀಸ್ರು ಏನಂದ್ರು?”

“ಉಸಿರುಕಟ್ಟಿ ಸತ್ತಿಲ್ಲ ಅಂದಮ್ಯಾಲ ವಿಷ ಬಿದ್ದಿರಬೇಕು ಅಂದ್ರು. ಅವನ ಗುಡಿಸಲ್ಯಾಗ ಕೀಟನಾಶಕದ ಖಾಲಿ ಡಬ್ಬಿ ಸಿಕ್ಕಿತ್ತು.”

“ತಿಗಣಿಗೆ ತಂದಿದ್ದ ಡಬ್ಬಿ,” ಎಂದಳು ವಿಜಯಶ್ರೀ. “ಅಂದ್ರ, ಬೂದೆಪ್ಪನ ಕುತ್ತಿಗಿಗೆ ಹಗ್ಗ ಹಾಕಿದ್ದು ಆ ಡಬ್ಬಿ ಅಲ್ಲ. ಈ ಬಾಟ್ಲಿ.”

ಶರಣಕುಮಾರ ಕನ್ನಡಕವನ್ನು ಮತ್ತೆ ಒರೆಸಿದ. ಒಳಗಿನ ಫ್ರಿಜ್ ಒಮ್ಮೆ ಗುರುಗುಟ್ಟಿ ಸುಮ್ಮನಾಯಿತು.

ವಿಜಯಶ್ರೀ ಕೂರಲಿಲ್ಲ. ಕುರ್ಚಿ ಇದ್ದರೂ ಅವಳು ಕೂರುವವಳಲ್ಲ. ಕಪಾಟಿನಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ನಡೆಯುತ್ತಲೇ ಇದ್ದಳು, ಬಾಟಲಿ ಮಾತ್ರ ಕೈಬಿಟ್ಟಿರಲಿಲ್ಲ. ಬೆಳಗಿನಿಂದ ಎಲ್ಲೆಲ್ಲೋ ಸುತ್ತಿದ ಕೇಸು ಈಗ ಅಂಗೈಯಲ್ಲಿದೆ ಎಂದು ಅವಳಿಗೆ ಗೊತ್ತಾಗಿತ್ತು, ಕೈಜಾರಿ ಹೋದೀತೆಂಬ ಹೆದರಿಕೆಯೂ ಅಷ್ಟೇ ಇತ್ತು.

“ತಾಮರಕುಂಟ ನೀ ಕಣ್ಣಾರೆ ನೋಡೀಯಾ?”

“ಇಲ್ರಿ. ನೀರು ಇಲ್ಲಿಗೆ ಬರ್ತೈತಿ.”

“ನಾ ಇವತ್ತು ಒಂಬತ್ತಕ್ಕ ಅತ್ತಿ ಜೋಡಿ ಹೋಗಿ ನೋಡಿ ಬಂದೆ. ಹದಿನೈದು ದಿನದಿಂದ ಎಲಿ ಅಲುಗುವಷ್ಟೂ ಗಾಳಿ ಇಲ್ಲ. ಕಾಲೊನಿ ಮೋರಿ ನೀರೆಲ್ಲ ಅಲ್ಲೇ. ಕೆರಿ ಪಾಲಕ್ ಸಾರು ಆದಂಗ ಆಗೈತಿ. ಕೈ ಅದ್ದಿದ್ರ ಕೈ ಹಸರು. ಅಷ್ಟು ಪಾಚಿ!”

“ಪಾಚಿ ಇದ್ರ ಆಕ್ಸಿಜನ್ ಜಾಸ್ತಿನೇ ಇರ್ತೈತಲ್ರಿ. ನೀವ ಕಲಿಸಿದ್ದು.”

“ಅರ್ಧ ಕಲಿಸಿದ್ನೋ, ನೀ ಅರ್ಧಕ್ಕ ನಿದ್ದಿ ಹೊಡದ್ಯೋ?” ವಿಜಯಶ್ರೀ ಮೇಜಿನ ಮೇಲೆ ಅಂಗೈ ಊರಿದಳು. “ಹಗಲು ಪಾಚಿ ಏನು ಮಾಡ್ತೈತಿ?”

“ಬಿಸಲು ಕುಡದು ಆಕ್ಸಿಜನ್ ಬಿಡ್ತೈತ್ರಿ.”

“ರಾತ್ರಿ?”

ಅವನು ತಲೆ ತಗ್ಗಿಸಿದ. “ತಾನೂ ಉಸಿರಾಡ್ತೈತಿ.”

“ಹಗಲು ಬಡಿಸಿದ ಕೈನ ರಾತ್ರಿ ಕಸಗೊಂತೈತಿ. ಮೀನು, ಪಾಚಿ, ತಳದ ರಾಡಿ, ಎಲ್ಲಾ ಸೇರಿ ಕತ್ತಲಿದ್ದಷ್ಟು ಹೊತ್ತೂ ಒಂದ ಗಂಗಾಳದಾಗ ಉಣ್ತಾವು. ಗಂಗಾಳ ಯಾವಾಗ ಖಾಲಿ ಆಗ್ತೈತಿ?”

“ನಸುಕಿನ್ಯಾಗ.”

“ಇಂಥ ಸೆಕಿಯಾಗ ಗಾಳಿಯಿಂದ ನೀರು ಹಿಡಿಯೋದು ಲೀಟರಿಗೆ ಏಳೋ ಎಂಟೋ ಮಿಲಿಗ್ರಾಂ. ಹದಿಮೂರು ಬರಬೇಕಾದ್ರ ಪಾಚಿ ಮ್ಯಾಲ ಬಿಸಲು ಬಡೀಬೇಕು, ಅದೂ ತಾಸುಗಟ್ಟಲೆ. ಸೂರ್ಯ ಹುಟ್ಟೋಕಿಂತ ಮದಲ ಈ ಕೆರಿಯಾಗ ಹದಿಮೂರು ಇತ್ತಂದ್ರ, ಸೂರ್ಯ ಬಾವ್ಯಾಗಿಂದ ಹುಟ್ಟಿದ ಅನ್ನಬೇಕು.”

ಲ್ಯಾಬಿನ ಬಾಗಿಲು ಧಡಾರನೆ ತೆರೆಯಿತು. ಸುಂದರಾಬಾಯಿ ಒಳಗೆ ಬಂದರು. ಎಪ್ಪತ್ತರ ಹೆಂಗಸು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಬಾಗಿಲಿಗೆ ಕಿವಿಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡಿದ್ದರೆಂಬುದರಲ್ಲಿ ಅನುಮಾನವೇ ಇರಲಿಲ್ಲ.

“ವಿಜೀ, ನಾ ಮುಂಜಾನಿ ಹೇಳೋದ ಮರ್ತಿದ್ದೆ ನೋಡು. ಆ ಸತ್ತ ಮೀನಿನ ಗುಡ್ಡಿ ಐತಲ್ಲ, ಅದರಾಗ ಕೊರ್ರಮೀನ ಒಂದೂ ಇರ್ಲಿಲ್ಲ.”

ವಿಜಯಶ್ರೀ ತಿರುಗಿದಳು. “ನಿಮಗ ಕೊರ್ರಮೀನು ಹೆಂಗ ಗೊತ್ರಿ ಅತ್ತಿ? ಬೆಳ್ಳುಳ್ಳಿ ಸಹ ಮುಟ್ಟೋರಲ್ಲ ನೀವು.”

“ತಿನ್ನಂಗಿಲ್ಲ ಅಂದ್ರ ನೋಡಬಾರದೇನ? ಐವತ್ತು ವರ್ಷದಿಂದ ಹೈದರಾಬಾದಿನ್ಯಾಗ ಇದೀನಿ. ಮೂಗು ಮುಚ್ಚಿಕೊಂಡು ಪೂರಾ ಗುಡ್ಡಿ ನೋಡೀನಿ, ಹೌ. ದೊಡ್ಡ ದೊಡ್ಡ ಕಟ್ಲಾ, ರೋಹು, ಬಾಯಿ ಹಿಂಗ ತಕ್ಕೊಂಡು ಬಿದ್ದಿದ್ವು.” ಸುಂದರಾಬಾಯಿ ಬಾಯಿ ತೆರೆದೇ ತೋರಿಸಿದರು. “ಅಲ್ಲಿ ಗಂಗಾಬಾಯಿ ಅಂತ ಮೀನು ಮಾರಾಕಿ, ಅದ ಕೆರಿಯಾಗಿಂದು ಅಂತ ಕೊರ್ರಮೀನು ಜೀವಂತ ಬಕೆಟ್ಟಿನ್ಯಾಗ ಇಟ್ಕೊಂಡು ಮಾರಾಕತ್ತಿದ್ಲು. ವಿಷ ಕುಡದ ಮೀನು ಬಕೆಟ್ಟಿನ್ಯಾಗ ಕುಣಿತಾವೇನು?”

ವಿಜಯಶ್ರೀಗೆ ಅತ್ತೆಯ ಕೆನ್ನೆ ಹಿಂಡಬೇಕೆನಿಸಿತು. ಕೊರ್ರಮೀನು ನೀರಿನ ಮೇಲೆ ಬಂದು ಬಾಯಿಂದಲೇ ಗಾಳಿ ಎಳೆದುಕೊಂಡು ಬದುಕುವ ಜಾತಿ. ನೀರಿನಲ್ಲಿ ಉಸಿರು ಮುಗಿದರೂ ಅದು ಸಾಯುವುದಿಲ್ಲ. ಕಟ್ಲಾ, ರೋಹು ಸಾಯುತ್ತವೆ. ವಿಷಕ್ಕೆ ಈ ಪಂಕ್ತಿಭೇದ ಗೊತ್ತಿಲ್ಲ.

“ಕೇಳಿದ್ಯಾ ಶರಣು? ಮೀನಿಗೆ ಯಾರೂ ವಿಷ ಹಾಕಿಲ್ಲ. ನಸುಕಿನ್ಯಾಗ ಉಸಿರು ಮುಗದು ಸತ್ತಾವು. ನೀರಾಗ ಆಕ್ಸಿಜನ್ ಇದ್ರ ಔಷಧಿ ಗಸಿ ಕಂದು, ಇಲ್ಲಾಂದ್ರ ಬಿಳಿ. ಆ ಹೊತ್ತಿನ ನೀರಾಗಿದ್ರ ಈ ಗಸಿ ಬೆಳ್ಳಗಿರಬೇಕಿತ್ತು. ಕಂದು ಐತಿ ಅಂದ್ರ ಇದು ಮಧ್ಯಾಹ್ನದ ನೀರು. ಯಾವ ಮಧ್ಯಾಹ್ನ?”

“ನನಗೇನು ಗೊತ್ರಿ...”

“ನಿನ್ನೆ ಬೆಳಿಗ್ಗೆ ಏಳರೊಳಗ ಈ ಬಾಟ್ಲಿ ನಿನ್ನ ಮೇಜಿನ ಮ್ಯಾಲ ಇತ್ತು. ರಿಜಿಸ್ಟರಿನ್ಯಾಗ ನೀನ ಬರದಿ. ಅಂದ್ರ ಹಿಂದಿನ ದಿನದ ಮಧ್ಯಾಹ್ನದ್ದು. ಮೀನು ಸಾಯೋಕಿಂತ ಮದಲ ತುಂಬಿದ್ದು. ಮೀನು ಸತ್ತ ಹೊತ್ತಿನ ಸಾಕ್ಷಿ ಅಂತ ನೀ ಅದರ ವರದಿ ಪೊಲೀಸರಿಗೆ ಕೊಟ್ಟಿ!”

ಕನ್ನಡಕ ಒರೆಸುವುದು ನಿಂತಿತು. ಶರಣಕುಮಾರ ಸ್ಟೂಲಿನ ಮೇಲೆ ಕುಸಿದು ಕುಳಿತ.

“ಮೇಡಮ್ಮರ, ಬಾಗಿಲು ಹಾಕ್ರಿ,” ಎಂದ.

ಸುಂದರಾಬಾಯಿ ಬಾಗಿಲು ಹಾಕಿದರು. ತಾವು ಹೊರಗೆ ಹೋಗಲಿಲ್ಲ.

“ದಿನಾ ಇದ ನಡೀತೈತ್ರಿ,” ಎಂದ ಶರಣಕುಮಾರ. “ಎರಡು ವರ್ಷದಿಂದ. ಮೀನುಗಾರರ ಸಂಘದವರು ನಮ್ಮ ಲ್ಯಾಬಿಗೆ ಗುತ್ತಿಗಿ ಕೊಟ್ಟಾರ, ದಿನಾ ನಸುಕಿನ್ಯಾಗ ಒಂದು ಬಾಟ್ಲಿ ನೀರು ಪರೀಕ್ಷಾ ಮಾಡ್ರಿ ಅಂತ. ನಾವು ಕಾವಲುಗಾರಗ ಎರಡು ಸಣ್ಣ ಶೀಸೆ ಔಷಧಿ ಕೊಟ್ಟೀವಿ. ನೀರು ತುಂಬಿ ಎರಡೂ ಹನಿ ಹಾಕಿ ಬಿರಡಿ ಬಿಗದ್ರ ಆಕ್ಸಿಜನ್ ಗಸಿಯಾಗಿ ಕೂತಬಿಡ್ತೈತಿ, ಒಂದು ದಿನ ಇಟ್ರೂ ಬದಲಾಗಂಗಿಲ್ಲ. ಅದ ಎಡವಟ್ಟಾತು. ಬದಲಾಗಂಗಿಲ್ಲ ಅಂದಮ್ಯಾಲ ನಸುಕಿನ್ಯಾಗ ಯಾಕ ಏಳಬೇಕು ಅಂದ ಬೂದೆಪ್ಪ. ಹಿಂದಿನ ದಿನ ಊಟಾದ ಮ್ಯಾಲ ತುಂಬಿಟ್ಟು, ಮರುದಿನದ ಚೀಟಿ ಹಚ್ಚಿ ತಂದುಕೊಡಾಕ ಸುರು ಮಾಡಿದ.”

“ಮತ್ತ ನಿನಗ ಗೊತ್ತಿತ್ತು.”

“ಮೂರನೇ ವಾರಕ್ಕ ಗೊತ್ತಾತ್ರಿ. ದಿನಾ ಹನ್ನೊಂದು, ಹನ್ನೆರಡು. ಒಂದಿನನೂ ಕೆಳಗ ಇಳೀಲಿಲ್ಲ. ಕೇಳಿದೆ. ಕೈಮುಗದ. ಸಾಹೇಬ್ರ, ನೀರು ಅದ ಕೆರಿದು, ಹೊತ್ತು ಯಾವುದಾದ್ರೇನು ಅಂದ. ನಾನೂ ಸಹಿ ಹಾಕಿದೆ. ಒಮ್ಮೆ ಹಾಕಿದಮ್ಯಾಲ ಎರಡನೇದ್ದು ಹಾಕಲಿಲ್ಲಂದ್ರ ಮದಲನೇದ್ದು ಸಿಕ್ಕೊಂತೈತಿ. ಏಳುನೂರು ವರದಿ ಮೇಡಮ್ಮರ. ಈಗ ಸುಳ್ಳು ಅಂದ್ರ ನನ್ನ ನೌಕರಿ ಹೋಗ್ತೈತಿ, ಲ್ಯಾಬ್ ಮುಚ್ತಾರ.”

ವಿಜಯಶ್ರೀಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಕೆರೆಯ ಅಡುಗೆಯೆಲ್ಲ ಮಾಡುವುದೇ ಪಾಚಿ, ಅದಿಲ್ಲದಿದ್ದರೆ ಮೀನಿಲ್ಲ, ಮೀನುಗಾರನಿಲ್ಲ ಎಂದು ಅದೇ ಹುಡುಗರಿಗೆ ಎಷ್ಟು ಸಲ ಹೇಳಿದ್ದಳು! ಆ ಅಡುಗೆಮನೆ ಎರಡು ವರ್ಷದಿಂದ ನಸುಕು ನಸುಕಿಗೆ ಉಸಿರುಗಟ್ಟುತ್ತ ಬಂದಿರಬೇಕು, ಒಬ್ಬನೇ ಒಬ್ಬ ಆ ಹೊತ್ತಿಗೆ ಒಂದು ಬಾಟಲಿ ಅದ್ದಿದ್ದರೆ ತಿಳಿಯುತ್ತಿತ್ತು. ಒಬ್ಬನ ನಿದ್ದೆ, ಇನ್ನೊಬ್ಬನ ಸಹಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು. ಎರಡು ಬೆಕ್ಕು, ಒಂದೇ ತಟ್ಟೆ.

“ನಿನ್ನ ನೌಕರಿ, ಅವನ ಜೈಲು. ಯಾವುದು ಭಾರ ಐತಿ ನೀನ ತೂಗು,” ಎಂದಳು. “ನಾ ನಿನಗ ಬೈಯಂಗಿಲ್ಲ. ಎರಡು ತಾಸು ಉಳದೈತಿ. ಈ ಮಾತು ಒಂದು ಹಾಳಿ ಮ್ಯಾಲ ಬರದು ಕೊಡು.”

ಶರಣಕುಮಾರ ಹಾಳೆ ಎಳೆದುಕೊಂಡ. ಸುಂದರಾಬಾಯಿ ತಮ್ಮ ಚೀಲದಿಂದ ಪೆನ್ನು ತೆಗೆದು ಅವನ ಮುಂದಿಟ್ಟರು. “ಬರಿಯಪ್ಪಾ, ನಿಮ್ಮವ್ವ ಕೇಳಿದ್ರ ಇದನ್ನ ಹೇಳ್ತಿದ್ಲು,” ಎಂದರು.

ಅವನು ಬರೆದ. ಸಹಿ ಹಾಕಿದ.

“ಇನ್ನೊಂದು ಮಾತ್ರಿ,” ಎಂದ, ಹಾಳೆ ಕೊಡುತ್ತ. “ದಿನಾ ಬೂದೆಪ್ಪನ ತರ್ತಿದ್ದ. ನಿನ್ನೆ ಮಾತ್ರ ಆ ಹೆಣ್ಮಗಳು ತಂದಳು. ಹೊರಗ ಕುಂತಾಳಲ್ರಿ, ಆಕಿ. ಆರೂವರಿಗೆ.”

ವಿಜಯಶ್ರೀ ಒಂದೇ ಉಸಿರಿಗೆ ಹೊರಗೆ ಬಂದಳು. ಸುಗಲಮ್ಮ ಬೆಂಚಿನಿಂದ ಎದ್ದು ನಿಂತಳು.

“ಬಾಟ್ಲಿ ನೀ ತಂದಿದ್ದು ಯಾಕ ಹೇಳಲಿಲ್ಲ ಸುಗಲವ್ವ?”

“ನಮ್ಮ ಮನಿಯವರು ಯಾರಿಗೂ ಹೇಳಬ್ಯಾಡ ಅಂದಿದ್ರು ಅಕ್ಕಾರ. ನೌಕರಿ ಹೋಗ್ತೈತಿ ಅಂತ.” ಸುಗಲಮ್ಮನ ಕಣ್ಣು ತುಂಬಿದವು. “ಮೊನ್ನೆ ಸಂಜಿಗೆ ಮನಿಗೆ ಬಂದು ಬಾಟ್ಲಿ ಕೊಟ್ರು. ಮುಂಜಾನಿ ನಾ ಇರಂಗಿಲ್ಲ, ನೀ ಕೊಟ್ಟು ಬಾ ಅಂದ್ರು. ಎಲ್ಲಿಗೆ ಹೊಂಟೀರಿ ಅಂದೆ. ಬಾಯಿ ಬಿಡಲಿಲ್ಲ.”

“ಮೊನ್ನೆ ರಾತ್ರಿ ಕೆರಿಗೆ ಹೋಗೇ ಇಲ್ಲೇನು?”

“ಇಲ್ರಿ. ನಿನ್ನೆ ಏಳರ ಸುಮಾರಿಗೆ ಎಲ್ಲಿಂದಲೋ ಆಟೋದಾಗ ಕೆರಿ ದಂಡಿಗೆ ಬಂದು ಇಳದ್ರಂತ. ಮೀನು ನೋಡಿ ತಲಿ ತಲಿ ಬಡಕೊಂಡ್ರಂತ.”

ವಿಜಯಶ್ರೀ ಕಣ್ಣು ಮುಚ್ಚಿ ತೆರೆದಳು. ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು? ವಿಷವೇ ಇಲ್ಲ ಎಂದು ಪಾಚಿ ಹೇಳುತ್ತಿದೆ. ಹಾಕುವವನೇ ಅಲ್ಲಿರಲಿಲ್ಲ ಎಂದು ಹೆಂಡತಿ ಹೇಳುತ್ತಿದ್ದಾಳೆ. ಆಟೋದವನೊಬ್ಬ ಸಿಕ್ಕರೆ ಮುಗಿಯಿತು.

“ನಡಿ,” ಎಂದಳು. “ಸಂಜಿ ಚಾ ನಿನ್ನ ಗಂಡನ ಜೋಡಿ ಕುಡಿಯೋಣಂತ.”

ಮೂವರೂ ಒಂದೇ ಆಟೋದಲ್ಲಿ ತುರುಕಿಕೊಂಡು ಹೊರಟರು. ದಾರಿಯುದ್ದಕ್ಕೂ ಸಿಗ್ನಲ್ಲುಗಳು ಕೆಂಪಾಗಿಯೇ ಇದ್ದವು. ವಿಜಯಶ್ರೀ ಎರಡು ಸಲ ಇಳಿದು ಓಡಲು ನೋಡಿದಳು, ಎರಡು ಸಲವೂ ಸುಂದರಾಬಾಯಿ ಸೆರಗು ಹಿಡಿದು ಕೂರಿಸಿದರು.

ಠಾಣೆ ತಲುಪಿದಾಗ ಮೂರೂ ಇಪ್ಪತ್ತು. ಜೀಪು ಆಗಲೇ ಬಾಗಿಲಲ್ಲಿ ನಿಂತಿತ್ತು.

ಇನ್ಸ್‌ಪೆಕ್ಟರ್ ಕೆಟ್ಟ ಮನುಷ್ಯನಲ್ಲ, ಅವಸರದ ಮನುಷ್ಯ. ಹಾಳೆಯನ್ನು ಎರಡು ಸಲ ಓದಿದರು. ಬಾಟಲಿಯ ಫೋಟೋ ನೋಡಿದರು. ಕೊರ್ರಮೀನಿನ ಮಾತು ಬಂದಾಗ ಮಾತ್ರ ತಲೆ ಎತ್ತಿದರು. ಮೀನು ತಿನ್ನುವವರಿಗೆ ಅದು ಪಟ್ಟನೆ ಅರ್ಥವಾಗುತ್ತದೆ.

“ಠೀಕ್ ಹೈ ಮೇಡಮ್,” ಎಂದರು ಕೊನೆಗೆ. “ಆ ಹೊತ್ತಿಗೆ ಇವನು ಎಲ್ಲಿದ್ದ ಅಂತ ಇವನೇ ಹೇಳಲಿ. ನಾನು ವಿಚಾರಿಸುತ್ತೇನೆ. ನಿಜವಾದರೆ ಇಂದೇ ಬಿಡುತ್ತೇನೆ.”

ಬೂದೆಪ್ಪನನ್ನು ಕರೆತಂದರು. ಐವತ್ತು ದಾಟಿದ ಒಣಕಲು ಮನುಷ್ಯ, ಅಂಗಿಯ ಗುಂಡಿ ಎರಡು ಹೋಗಿದ್ದವು. ವಿಜಯಶ್ರೀ ಅವನ ಎದುರು ನಿಂತು, ತುಂಬ ನಿಧಾನವಾಗಿ, ಮಗುವಿಗೆ ಹೇಳುವಂತೆ ಎಲ್ಲ ಹೇಳಿದಳು. ಬಾಟಲಿ ಮಧ್ಯಾಹ್ನದ್ದೆಂದು ಗೊತ್ತಾಗಿದೆ. ಅದಕ್ಕೆ ಯಾರೂ ಜೈಲಿಗೆ ಹಾಕುವುದಿಲ್ಲ. ವಿಷ ಯಾರೂ ಹಾಕಿಲ್ಲ. ನೀನು ಅಲ್ಲಿರಲೂ ಇಲ್ಲ, ಬೆಳಿಗ್ಗೆ ನಿನ್ನನ್ನು ಇಳಿಸಿದ ಆಟೋದವನು ಸಿಕ್ಕರೆ ಅದೂ ಸಾಬೀತಾಗುತ್ತದೆ.

“ಒಂದ ಮಾತು ಹೇಳು ಬೂದೆಪ್ಪ. ನಿನ್ನೆ ನಸುಕಿನ್ಯಾಗ ಎಲ್ಲಿದ್ದಿ? ಹೇಳಿ ಮನಿಗೆ ನಡಿ.”

ಬೂದೆಪ್ಪ ಕೇಳಿಸಿಕೊಂಡ. ಅವನ ಮುಖದಲ್ಲಿ ಬರಬೇಕಿದ್ದ ನಗು ಬರಲಿಲ್ಲ. ನಿಂತಲ್ಲೇ ಅವನಿಗೆ ಬೆವರು ಒಡೆಯಿತು. ವಿಜಯಶ್ರೀಯ ಹೆಗಲಾಚೆ, ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ, ಥಟ್ಟನೆ ಕಣ್ಣು ತಗ್ಗಿಸಿದ.

“ನಾ ಕೆರಿ ದಂಡಿಗೇ ಇದ್ನಿರಿ,” ಎಂದ.

“ಸುಳ್ಳು ಹೇಳಬ್ಯಾಡೋ!”

“ಬಾಟ್ಲಿ ನಸುಕಿನ್ಯಾಗ ನಾನ ತುಂಬೀನಿ. ವಿಷಾನೂ ನಾನ ಹಾಕೀನಿ. ಬರಕೊಳ್ರಿ ಸಾಹೇಬ್ರ.”

ಸುಗಲಮ್ಮ ಗೋಡೆ ಹಿಡಿದುಕೊಂಡಳು. ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ಶರಣಕುಮಾರನ ಹಾಳೆಯನ್ನೂ ಬೂದೆಪ್ಪನನ್ನೂ ಸರದಿಯಂತೆ ನೋಡಿದರು.

“ಪೊಲೀಸರ ಮುಂದ ಹೇಳಿದ್ದು ಕೋರ್ಟಿನ್ಯಾಗ ನಿಲ್ಲಂಗಿಲ್ಲ,” ಎಂದಳು ವಿಜಯಶ್ರೀ, ಇಲ್ಲದ ಧೈರ್ಯ ತಂದುಕೊಂಡು.

“ಜಜ್ ಸಾಹೇಬ್ರ ಮುಂದನೂ ಇದನ್ನ ಹೇಳ್ತೀನ್ರಿ.”

ನಡೆಯದ ಅಪರಾಧವನ್ನು ಒಪ್ಪಿಕೊಳ್ಳಲು ಒಬ್ಬ ಮನುಷ್ಯ ಇಷ್ಟು ಆತುರ ಪಡುವುದನ್ನು ವಿಜಯಶ್ರೀ ಈವರೆಗೆ ಕಂಡಿರಲಿಲ್ಲ. ಅವನು ಆ ರಾತ್ರಿ ಕೆರೆಯಲ್ಲಿರಲಿಲ್ಲ ಎಂದು ಸಾಬೀತು ಮಾಡಿ ತಾನು ಅವನನ್ನು ಬಿಡಿಸಲು ಬಂದಿದ್ದೇನೋ, ಹಿಡಿದುಕೊಡಲು ಬಂದಿದ್ದೇನೋ ಎಂಬ ಅನುಮಾನ ಮೊದಲ ಸಲ ಬಂತು.

ಕಾನ್‌ಸ್ಟೇಬಲ್ ತೋಳು ಹಿಡಿದು ಜೀಪಿನತ್ತ ನಡೆಸಿದ. ವಿಜಯಶ್ರೀಯ ಪಕ್ಕಕ್ಕೆ ಬಂದಾಗ ಬೂದೆಪ್ಪ ಅರೆಗಳಿಗೆ ನಿಂತ. ಹೆಂಡತಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ.

“ನಿಮ್ಮ ಕಾಲು ಬೀಳ್ತೀನಿ ಅಕ್ಕಾರ, ಆ ಆಟೋದವನ್ನ ಹುಡುಕಬ್ಯಾಡ್ರಿ,” ಎಂದ. “ಮೀನಿನ ಕೇಸು ನನ್ನ ಮ್ಯಾಲ ಇರ್ಲಿ. ನಾ ಆ ರಾತ್ರಿ ಮಾಡಿದ್ದರ ಮುಂದ ನನಗ ಅದ ಸಣ್ಣದು.”